ಕೇರಿಯ ಬಾವಿ ರಿಪೇರಿಗೆ ಅನುದಾನ ಸಿಗುತ್ತಾ?

ಪ್ರಶ್ನೆ (ಕಾರವಾರ, ಕೋಡಿಬಾಗ ಕಡೆಯವರು):
ಸರ್, ನಮಸ್ಕಾರ. ನಮ್ಮ ಕೇರಿಯಲ್ಲಿ 22 ಮನೆ. ನಡುವೆ ಒಂದು ಹಳೇ ಬಾವಿ. ನಲ್ಲಿ ಬಂದ ಮೇಲೆ ಯಾರೂ ಅದರ ಕಡೆ ತಿರುಗಿ ನೋಡಿಲ್ಲ. ಹೋದ ಮಳೆಗಾಲದಲ್ಲಿ ಕಟ್ಟೆಯ ಒಂದು ಬದಿ ಕುಸಿಯಿತು, ಈಗ ಗಟಾರದ ನೀರು ನೇರ ಬಾವಿಗೆ ಇಳಿಯುತ್ತಿದೆ. ಮೇ ತಿಂಗಳಲ್ಲಿ ನಲ್ಲಿ ಕೈಕೊಟ್ಟಾಗ ಮಾತ್ರ ಎಲ್ಲರಿಗೂ ಬಾವಿ ನೆನಪಾಗುತ್ತದೆ. ಮೇಸ್ತ್ರಿ 1 ಲಕ್ಷ 10 ಸಾವಿರ ಅಂದಿದ್ದಾರೆ. ಹೊಸದಾಗಿ ಒಂದು ಸಂಘ ನೋಂದಣಿ ಮಾಡಿ, ಕಂಪನಿಗಳ ಸಿಎಸ್‌ಆರ್ ಹಣಕ್ಕೆ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಅರ್ಜಿ ಹಾಕೋಣ ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ (ಶಿರಸಿ, ಸಂಘ-ಸಂಸ್ಥೆಗಳ ಲೆಕ್ಕಪತ್ರ ನೋಡುವವರು):
ಸಂಘದ ವಿಚಾರ ಸದ್ಯಕ್ಕೆ ಬಿಡಿ. ಬಾವಿ ಇರುವ ಜಾಗ ಯಾರದ್ದು? ಮೊದಲು ಸಿಟಿ ಸರ್ವೆ ಉತಾರ, ಅಂದರೆ ಜಾಗ ಯಾರ ಹೆಸರಿನಲ್ಲಿದೆ ಅಂತ ಹೇಳುವ ದಾಖಲೆ, ತೆಗೆಸಿ. ನಗರಸಭೆಯ ಜಾಗವಾದರೆ ಅವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು. ಖಾಸಗಿಯಾದರೆ ದಾರಿ ಬೇರೆ. ಈ ಕಾಗದ ಇಲ್ಲದ ಅರ್ಜಿಯನ್ನು ಯಾರೂ ಎರಡನೇ ಪುಟದ ತನಕ ಓದುವುದಿಲ್ಲ.

ಇನ್ನು ಹೊಸ ಸಂಘ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ 7 ಜನ ಸೇರಿದರೆ ಸಂಘ ಆಗುತ್ತದೆ, ಅದೇನೂ ಕಷ್ಟವಲ್ಲ. ಆದರೆ ಆಮೇಲೆ ವರ್ಷ ವರ್ಷ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವುದು. ಒಂದು ಬಾವಿಗೋಸ್ಕರ ಇಷ್ಟೆಲ್ಲ ಹೊರುತ್ತೀರಾ? ಇಷ್ಟು ಮಾಡಿದರೂ ಸಿಎಸ್‌ಆರ್ ಹಣ ಹೊಸ ಸಂಘಕ್ಕೆ ನೇರವಾಗಿ ಬರುವುದಿಲ್ಲ. ಕಂಪನಿ ಬೇರೊಂದು ಸಂಘದ ಮೂಲಕ ಕೆಲಸ ಮಾಡಿಸಬೇಕೆಂದರೆ ಆ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ) ನೋಂದಣಿ ಇರಬೇಕು, ಅಂಥದ್ದೇ ಕೆಲಸದಲ್ಲಿ 3 ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿಯೂ ಬೇಕು. ನಿಮ್ಮ ಸಂಘಕ್ಕೆ ಮೂರು ವರ್ಷ ತುಂಬುವಷ್ಟರಲ್ಲಿ ಉಳಿದ ಕಟ್ಟೆಯೂ ಬಾವಿಗೆ ಬಿದ್ದಿರುತ್ತದೆ!

ಹಾಗಾಗಿ ಇರುವ ಸಂಘ ಹುಡುಕಿ. ಪಕ್ಕದ ಯುವಕ ಮಂಡಳ, ಮಹಿಳಾ ಮಂಡಳ, ಯಾವುದಾದರೂ ಸರಿ. ಆಡಿಟ್ ಸರಿಯಾಗಿ ಮಾಡಿಸುತ್ತಾರಾ, ಸಿಎಸ್‌ಆರ್ ಹಣ ಬೇಕಿದ್ದರೆ ಮೇಲೆ ಹೇಳಿದ ನೋಂದಣಿ, ಅನುಭವ ಇದೆಯಾ ಅಂತ ನೋಡಿ. ಅವರು ಸಭೆಯಲ್ಲಿ ಠರಾವು ಮಾಡಿ ನಿಮ್ಮ ಕೆಲಸವನ್ನು ತಮ್ಮ ಕೆಲಸ ಅಂತ ಒಪ್ಪಿಕೊಳ್ಳಲಿ, ಅದಕ್ಕೆ ಬೇರೆ ಖಾತೆ ಪುಟ ಇಡಲಿ. ಹಣ ಚೆಕ್ಕಿನಲ್ಲೇ ಓಡಾಡಲಿ. ಆ ಮಂಡಳಕ್ಕೆ 80ಜಿ ಇದ್ದರೆ ಕೇರಿಯವರ ವಂತಿಗೆಯನ್ನೂ ಅಲ್ಲೇ ಕೊಡಬಹುದು. 2,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗದು, ಅಷ್ಟು ನೆನಪಿರಲಿ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೂ ಒಂದು ಮನವಿ ಕೊಟ್ಟಿಡಿ. ಆ ಹಣ ಸಂಘದ ಕೈಗೆ ಬರುವುದಿಲ್ಲ, ಜಿಲ್ಲಾಧಿಕಾರಿ ಮೂಲಕ ಕೆಲಸ ಮಾಡಿಸುವ ಇಲಾಖೆಗೆ ಹೋಗುತ್ತದೆ. ನಿಮಗೆ ಲೆಕ್ಕದ ತಲೆಬಿಸಿ ಇಲ್ಲ.

ಪ್ರಶ್ನೆ (ಭಟ್ಕಳದವರು):
ನಮ್ಮಲ್ಲೂ ಇಂಥದ್ದೇ ಕೆಲಸ ಇದೆ. ದುಬೈನಲ್ಲಿರುವ ಅಣ್ಣಂದಿರು ಕಳಿಸುತ್ತೇವೆ ಅಂತಾರೆ. ವಿದೇಶಿ ಹಣ ಅಂತ ತೊಂದರೆ ಆಗುತ್ತಾ?

ಉತ್ತರ:
ಅವರ ಪಾಸ್‌ಪೋರ್ಟ್ ಯಾವುದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರಾದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬೇಡಿ. ಪಾಸ್‌ಪೋರ್ಟಿನ ಪ್ರತಿ ಒಂದು ಫೈಲಿನಲ್ಲಿರಲಿ. ಅಣ್ಣನ ಹತ್ತಿರ ಹೇಗೆ ಕೇಳೋದು ಅಂತ ಸಂಕೋಚ ಬೇಡ.

ಪ್ರಶ್ನೆ (ಕೋಡಿಬಾಗದವರೇ):
ಸರ್, ಅಂದಾಜುಪಟ್ಟಿ ಹೇಗೆ ಬರೆಯಬೇಕು? ಮೇಸ್ತ್ರಿ ಒಂದು ಚೀಟಿಯಲ್ಲಿ ಮೊತ್ತ ಮಾತ್ರ ಬರೆದುಕೊಟ್ಟಿದ್ದಾರೆ.

ಉತ್ತರ:
ಆ ಚೀಟಿ ನಡೆಯಲ್ಲ. ಚಿರೆಕಲ್ಲು ಎಷ್ಟು, ಸಿಮೆಂಟ್ ಎಷ್ಟು ಚೀಲ, ಹೊಯ್ಗೆ ಎಷ್ಟು, ಮೇಸ್ತ್ರಿ ಎಷ್ಟು ದಿನ, ಬಾವಿ ಬಾಯಿಗೆ ಕಬ್ಬಿಣದ ಜಾಲರಿ, ಎಲ್ಲ ಬಿಡಿಸಿ ಬರೆಸಿ. ಮೂರು ಕೊಟೇಶನ್ ಕೇಳುತ್ತಾರೆ. ನಿಜವಾಗಿಯೂ ಮೂರು ಕಡೆಯಿಂದ ತನ್ನಿ ಮಾರಾಯ್ರೆ. ಒಮ್ಮೆ ನನ್ನ ಮೇಜಿಗೆ ಒಂದು ಸಂಘದ ಫೈಲು ಬಂತು. ಮೂರು ಅಂಗಡಿಯ ಮೂರು ಕೊಟೇಶನ್, ಮೂರರಲ್ಲೂ ಒಂದೇ ನೀಲಿ ಶಾಯಿ, ಮೂರರಲ್ಲೂ 'ಸಿಮೇಂಟು' ಅಂತ ಒಂದೇ ತಪ್ಪು. ಅನುದಾನ ಕೊಡುವವರಿಗೂ ಕಣ್ಣಿರುತ್ತದೆ, ಅರ್ಜಿ ವಾಪಸ್ ಬಂತು. ಆ ಸಂಘದವರು ಕೆಟ್ಟವರೇನಲ್ಲ, ಸುಮ್ನೆ ಉಳಿದೆರಡು ಅಂಗಡಿಗೆ ಹೋಗಲು ಬೇಜಾರು ಮಾಡಿಕೊಂಡಿದ್ದರು, ಅಷ್ಟೇ.

ಗಟಾರ ತಿರುಗಿಸುವುದನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ನಗರಸಭೆ ಮಾಡಬೇಕಾದ ಕೆಲಸ. ವಾರ್ಡ್ ಸದಸ್ಯರ ಮೂಲಕ ಬೇರೆ ಮನವಿ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಆ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಗಟಾರ ಹಾಗೇ ಬಿಟ್ಟು ಕಟ್ಟೆ ಕಟ್ಟಿದರೆ ಮುಂದಿನ ಆಷಾಢಕ್ಕೆ ಮತ್ತೆ ಅದೇ ಕಥೆ ಅಲ್ವಾ?

ಪ್ರಶ್ನೆ (ಶಿರಸಿಯ ಇನ್ನೊಬ್ಬರು):
ನಾವು ಶ್ರಮದಾನ ಮಾಡುತ್ತೇವೆ. ಅದನ್ನು ನಮ್ಮ ಪಾಲು ಅಂತ ತೋರಿಸಬಹುದಾ?

ಉತ್ತರ:
ಧಾರಾಳವಾಗಿ ತೋರಿಸಿ. ಅಮೆರಿಕದ ಸಿಯಾಟಲ್ ನಗರಾಡಳಿತ 1988ರಲ್ಲಿ ಶುರು ಮಾಡಿದ ನಿಧಿ ನಡೆಯುವುದೇ ಹೀಗೆ. ಕೇರಿಯವರು ದುಡಿದ ಗಂಟೆಗಳನ್ನೂ ಅವರ ಪಾಲಿನ ದುಡ್ಡು ಅಂತ ಲೆಕ್ಕ ಹಿಡಿದು, ಅದಕ್ಕೆ ತಕ್ಕಂತೆ ನಗರ ಹಣ ಹಾಕುತ್ತದೆ. ನಮ್ಮಲ್ಲಿ ದುಡಿಯುವವರಿಗೆ ಬರ ಇಲ್ಲ, ಬರೆದಿಡುವವರು ಇಲ್ಲ. ಕೋಡಿಬಾಗದ ಆ ಕೇರಿಯನ್ನೇ ನೋಡಿ, 22 ಮನೆಯಿಂದ ಒಬ್ಬೊಬ್ಬರು ಎರಡು ಭಾನುವಾರ ಬಂದರೆ 44 ಆಳು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೆಸರು, ಸಹಿ. ಅವಲಕ್ಕಿ-ಚಹಾದ ಖರ್ಚನ್ನೂ ಬರೆಯಿರಿ. ಕೆಲಸಕ್ಕೆ ಮುಂಚೆ ಮತ್ತು ಆಮೇಲೆ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ.

ಪ್ರಶ್ನೆ (ಕೋಡಿಬಾಗದವರು, ಹತ್ತು ದಿನದ ಮೇಲೆ):
ಸರ್, ಉತಾರ ಬಂತು. ಜಾಗ ನಗರಸಭೆಯದ್ದಲ್ಲ! ಕೇರಿಯ ಹಳೇ ಮನೆತನವೊಂದರ ಹೆಸರಿನಲ್ಲಿದೆ. ಅವರೆಲ್ಲ ಈಗ ಮುಂಬೈನಲ್ಲಿದ್ದಾರೆ. ಫೋನಿನಲ್ಲಿ ಹ್ಞೂಂ ಅಂತಾರೆ.

ಉತ್ತರ:
ಹ್ಞೂಂ ಅಂದಿದ್ದನ್ನು ಫೈಲಿಗೆ ಹಾಕಲು ಬರುವುದಿಲ್ಲ. ಶಾಸಕರ ನಿಧಿಯ ಆಸೆಯನ್ನೂ ಈಗ ಬಿಡಿ, ಖಾಸಗಿ ಜಾಗಕ್ಕೆ ಆ ಹಣ ಹಾಕುವುದಿಲ್ಲ. ಬಾವಿ ಮತ್ತು ಅದಕ್ಕೆ ಹೋಗುವ ದಾರಿಯನ್ನು ಊರವರು ಬಳಸಲು, ರಿಪೇರಿ ಮಾಡಲು ಒಪ್ಪಿಗೆ ಇದೆ ಅಂತ ಬಾಂಡ್ ಪೇಪರ್ ಮೇಲೆ ಎಲ್ಲ ಹಕ್ಕುದಾರರ ಸಹಿ ಬೇಕು. ಒಬ್ಬರದ್ದು ತಪ್ಪಿದರೂ ನಾಳೆ ತಕರಾರು. ಚೌತಿಗೆ ಬರುತ್ತಾರಲ್ಲ?

ಪ್ರಶ್ನೆ:
ಬರ್ತಾರೆ ಸರ್, ಐದು ದಿನದ ಗಣಪತಿ ಅವರದ್ದು.

ಉತ್ತರ:
ಹಾಗಾದರೆ ಕಾಗದ ಈಗಲೇ ವಕೀಲರ ಹತ್ತಿರ ಬರೆಸಿಡಿ. ಮೊದಲ ದಿನ ಹೋಗಬೇಡಿ, ಪೂಜೆಯ ಗಡಿಬಿಡಿ ಇರುತ್ತದೆ. ಮೂರನೇ ದಿನ ಊಟ ಆದ ಮೇಲೆ ಹೋಗಿ, ಪೆನ್ನು ನೀವೇ ಒಯ್ಯಿರಿ.