ಮಾರ್ಚ್ ಕೊನೇ ವಾರ: ಪಟ್ಟಣ ಪಂಚಾಯ್ತಿಯಲ್ಲಿ ಯಾವ ಕೆಲಸ ಮೊದಲು?

ಹೊಸ ಎಸ್‌ಡಿಎ:
ಎಲ್ಲರಿಗೂ ನಮಸ್ಕಾರ. ಪಟ್ಟಣ ಪಂಚಾಯ್ತಿಯೊಂದರಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿದ್ದೇನೆ, ಇದು ನನ್ನ ಮೊದಲ ಮಾರ್ಚ್. ಹಾಕಿರುವುದು ಕಂದಾಯ ಶಾಖೆಗೆ, ಆದರೆ ಜನ ಕಡಿಮೆ ಅಂತ ಜನನ-ಮರಣ ಪತ್ರವೂ ನನ್ನ ಮೇಜಿಗೇ ಬಂದಿದೆ, ಸಭೆಯ ನಡಾವಳಿ ಬರೆಯುವುದೂ ನಾನೇ. ಈ ವಾರ ಸಾಮಾನ್ಯ ಸಭೆ ಇದೆ. ವಸೂಲಿ ವರದಿ ದಿನಾ ಸಂಜೆ ಜಿಲ್ಲೆಗೆ ಹೋಗಬೇಕು, ಇ-ಖಾತಾ ಅರ್ಜಿಗಳು ರಾಶಿ ಬಿದ್ದಿವೆ, ಗುತ್ತಿಗೆದಾರರು ಬೆಳಿಗ್ಗೆಯೇ ಬಂದು ಕೂರುತ್ತಾರೆ, ಮಧ್ಯೆ ನಲ್ಲಿಯಲ್ಲಿ ನೀರು ಬಂದಿಲ್ಲ ಅಂತ ಫೋನು ಬೇರೆ. ಯಾರನ್ನು ಕೇಳಿದರೂ ತಮ್ಮದೇ ಅರ್ಜೆಂಟ್ ಅನ್ನುತ್ತಾರೆ. ಅನುಭವ ಇರುವವರು ಹೇಳಿ, ಯಾವುದನ್ನು ಮೊದಲು ಹಿಡಿಯಲಿ?

ನಿವೃತ್ತ ಮುಖ್ಯಾಧಿಕಾರಿ:
31ನೇ ತಾರೀಕು ದಾಟಿದರೆ ಕೈತಪ್ಪುವುದು ಯಾವುದು, ಏಪ್ರಿಲ್‌ನಲ್ಲೂ ಮಾಡಬಹುದಾದ್ದು ಯಾವುದು, ಮೊದಲು ಇದನ್ನು ಬೇರೆ ಮಾಡಿ. ಖಾತಾ ಅರ್ಜಿ ಏಪ್ರಿಲ್‌ನಲ್ಲೂ ಖಾತಾ ಅರ್ಜಿಯೇ. ಆದರೆ ಗುತ್ತಿಗೆದಾರರಿಗೆ ಅನುದಾನದಿಂದ ಕೊಡುವ ಬಿಲ್ ಹಾಗಲ್ಲ. ಕೊನೇ ದಿನಗಳಲ್ಲಿ ಖಜಾನೆಯಲ್ಲೂ ನೂಕುನುಗ್ಗಲು, ಸಣ್ಣ ಆಕ್ಷೇಪಣೆ ಬಂದು ಬಿಲ್ ವಾಪಸಾದರೆ ಮತ್ತೆ ಹಾಕಲು ಸಮಯವೇ ಇರುವುದಿಲ್ಲ. ಬಿಲ್ ನಿಮ್ಮ ಶಾಖೆಯದಲ್ಲ, ಆದರೂ ಸಣ್ಣ ಆಫೀಸಿನಲ್ಲಿ ಎಲ್ಲ ಕಡತವೂ ಎಲ್ಲರ ಕೈಗೂ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ: ಎಂಬಿಯಲ್ಲಿ (ಕಾಮಗಾರಿಯ ಅಳತೆ ಪುಸ್ತಕ) ಎಂಜಿನಿಯರ್ ಅಳತೆ ಬರೆದು ಸಹಿ ಹಾಕಿದ್ದಾರಾ, ಕಾರ್ಮಿಕ ಸೆಸ್ 1% ಮುರಿದಿದ್ದಾರಾ, ಜಿಎಸ್‌ಟಿ ಟಿಡಿಎಸ್ (ಬಿಲ್ಲಿನಲ್ಲೇ ಮುರಿಯುವ ತೆರಿಗೆ) 2% ಬರಬೇಕಾದ ಕಡೆ ಬಂದಿದೆಯಾ, ಇಷ್ಟು ನೋಡದೆ ಕಡತ ಮೇಲಕ್ಕೆ ಕಳಿಸಬೇಡಿ. ಎದುರಿಗೆ ಯಾರೇ ಕೂತಿರಲಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೊಸಬರಿಗೆ ಹೇಳುವುದಿಲ್ಲ. ಪಂಚಾಯ್ತಿಯ ಹಣದಲ್ಲಿ ಪರಿಶಿಷ್ಟ ಜಾತಿ-ಪಂಗಡದವರಿಗೆ ಮೀಸಲಾದ 24.10%, ಇತರೆ ಬಡವರ 7.25%, ಅಂಗವಿಕಲರ 5%, ಈ ಮೂರರ ಖರ್ಚನ್ನು ವರ್ಷದ ಕೊನೆಯಲ್ಲಿ ಎಲ್ಲರೂ ಕೇಳುತ್ತಾರೆ. ಮಾರ್ಚ್‌ನಲ್ಲಿ ಫಲಾನುಭವಿಗಳನ್ನು ಹುಡುಕಲು ಹೊರಟರೆ ಕೆಲಸ ಕೆಡುತ್ತದೆ. ಈ ಸಲ ಎಷ್ಟಾಯಿತೋ ಅಷ್ಟು, ಮುಂದಿನ ವರ್ಷ ಜೂನ್‌ನಲ್ಲೇ ಪಟ್ಟಿ ಮಾಡಿಸಿ.

ಬಿಲ್ ಕಲೆಕ್ಟರ್ ನಾನು:
ಸರ್ ಹೇಳಿದ್ದು ಸರಿ, ಆದರೆ ಕೌಂಟರ್ ಮರೆಯಬೇಡಿ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದವರಿಗೆ 5% ರಿಯಾಯಿತಿ, ಮೇ-ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈಯಿಂದ ತಿಂಗಳಿಗೆ 2% ದಂಡ. ಅಂದರೆ ಈಗ ಬರುವವರ ತಲೆ ಮೇಲೆ ಒಂಬತ್ತು ತಿಂಗಳ ದಂಡ ಕೂತಿರುತ್ತದೆ, 18%. ಅವರು ಜಗಳಕ್ಕೆ ರೆಡಿಯಾಗಿಯೇ ಬರುತ್ತಾರೆ. ‘ಅಸಲು ಮಾತ್ರ ತಗೊಳ್ಳಿ’ ಅಂತ ಕೇಳುತ್ತಾರೆ, ಪರಿಚಯದವರಿಂದ ಫೋನ್ ಮಾಡಿಸುತ್ತಾರೆ. ಮೇಲೆ ಬರೆದ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಕೌಂಟರ್ ಪಕ್ಕ ಅಂಟಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದಿನದ ವರದಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅದು ಸುಮ್ನೆ ತಲೆನೋವು. ಮುಖ್ಯವಾದದ್ದು ಡಿಸಿಬಿ. ಬೇಡಿಕೆ, ವಸೂಲಿ, ಬಾಕಿ ಮೂರೂ ತಾಳೆಯಾಗದೆ ವರ್ಷ ಮುಗಿಸಿದರೆ ಮುಂದಿನ ವರ್ಷದ ಆರಂಭದ ಬಾಕಿಯೇ ತಪ್ಪಾಗಿ ಶುರುವಾಗುತ್ತದೆ, ಆಮೇಲೆ ಆಡಿಟ್‌ನವರು ನಿಮ್ಮನ್ನೇ ಹಿಡಿಯುತ್ತಾರೆ.

ನಿವೃತ್ತ ಮುಖ್ಯಾಧಿಕಾರಿ:
ತಲೆನೋವು ಅಂತ ಬಿಡುವ ಹಾಗಿಲ್ಲಪ್ಪಾ, ಆ ವರದಿ ನೋಡಿಯೇ ಮೇಲಿನವರು ವಿಡಿಯೋ ಕಾನ್ಫರೆನ್ಸ್‌ನಲ್ಲಿ ಮುಖ್ಯಾಧಿಕಾರಿಯನ್ನು ನಿಲ್ಲಿಸಿ ಕೇಳುವುದು. ಡಿಸಿಬಿ ಮಾತು ಮಾತ್ರ ನೂರಕ್ಕೆ ನೂರು ನಿಜ.

ವಾರ್ಡಿನ ನಿವಾಸಿ:
ನಾನು ಸಿಬ್ಬಂದಿ ಅಲ್ಲ, ಕೌಂಟರಿನ ಈ ಕಡೆ ನಿಲ್ಲುವವನು. ನಮಗೆ ಸಿಟ್ಟು ಬರುವುದು ತಡವಾದಾಗ ಅಲ್ಲ, ‘ನಾಳೆ ಬನ್ನಿ’ ಅಂದಾಗ. ಶಾಲೆ ಸೇರಿಸಲು ಜನನ ಪತ್ರ ಕೇಳಿಕೊಂಡು ಈಗ ಜನ ಬರುತ್ತಾರೆ ಅಲ್ವಾ, ಅದರಲ್ಲಿ ಕೆಲವರದು ನೋಂದಣಿಯೇ ಆಗಿರುವುದಿಲ್ಲ. ಹುಟ್ಟಿ ವರ್ಷ ದಾಟಿದ್ದರೆ ನಿಮ್ಮ ಹಂತದಲ್ಲಿ ಆಗುವ ಕೆಲಸವಲ್ಲ. 2023ರ ಅಕ್ಟೋಬರ್‌ಗೆ ಮುಂಚೆ ಕೋರ್ಟಿಗೆ ಹೋಗಬೇಕಿತ್ತು, ಈಗ ಜಿಲ್ಲಾಧಿಕಾರಿ ಅಥವಾ ಎಸಿ (ಉಪವಿಭಾಗಾಧಿಕಾರಿ) ಹಂತದಲ್ಲಿ ಆದೇಶ ಆಗುತ್ತದೆ. ಇದನ್ನು ಮೊದಲ ದಿನವೇ ಹೇಳಿದರೆ ಅವರು ಕೂಲಿ ಬಿಟ್ಟು ಮತ್ತೆ ಮತ್ತೆ ನಿಮ್ಮ ಬಾಗಿಲಿಗೆ ಬರುವುದು ತಪ್ಪುತ್ತದೆ. ನೀರಿಗೂ ಅಷ್ಟೇ. ಯಾವ ಬೀದಿಗೆ ಯಾವ ದಿನ ಬಿಡುತ್ತೀರಿ ಅಂತ ವಾಲ್ವ್‌ಮ್ಯಾನ್ ಹತ್ತಿರ ಕೇಳಿ ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಸಿ. ಮೋಟಾರ್ ಸುಟ್ಟಿದ್ದರೆ ಸುಟ್ಟಿದೆ ಅಂತಲೇ ಹೇಳಿ, ಪರವಾಗಿಲ್ಲ.

ಹೊಸ ಎಸ್‌ಡಿಎ:
ತುಂಬಾ ಉಪಕಾರವಾಯಿತು. ಸಭೆಯ ನಡಾವಳಿ ಒಂದು ಉಳಿಯಿತು. ಸದಸ್ಯರು ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ಯಾವುದನ್ನು ಬರೆಯಲಿ?

ನಿವೃತ್ತ ಮುಖ್ಯಾಧಿಕಾರಿ:
ಮಾತು ಬರೆಯಬೇಡಿ, ತೀರ್ಮಾನ ಬರೆಯಿರಿ. ವಿಷಯ ಸೂಚಿಯ ಪ್ರತಿ ವಿಷಯದ ಕೆಳಗೆ ಖಾಲಿ ಜಾಗ ಬಿಟ್ಟುಕೊಂಡು ಹೋಗಿ, ಒಪ್ಪಿದರಾ, ಮುಂದೂಡಿದರಾ, ಯಾರು ಆಕ್ಷೇಪ ದಾಖಲಿಸಿ ಅಂದರು, ಅಷ್ಟೇ. ಅದೇ ಸಂಜೆ ಕರಡು ಮಾಡಿ ಅಧ್ಯಕ್ಷರ ಮುಂದಿಡಿ. ಎರಡು ದಿನ ಬಿಟ್ಟರೆ ‘ನಾನು ಹಾಗೆ ಹೇಳಿಲ್ಲ’ ಅನ್ನುವವರು ಬರುತ್ತಾರೆ.