ಅಮ್ಮನ ಹಳದಿ ಜ್ವರದ ಲಸಿಕೆ: ಕೀನ್ಯಾ ಸಫಾರಿಗೆ ಹೋಗಿ ಬಂದವರು ಸಹಾಯ ಮಾಡಿ

ಆಗಸ್ಟ್‌ನಲ್ಲಿ ಅಮ್ಮನನ್ನು ಕೀನ್ಯಾದ ಮಸಾಯಿ ಮಾರಾಗೆ ಕರೆದುಕೊಂಡು ಹೋಗುತ್ತಿದ್ದೇನೆ. ವಿಲ್ಡ್‌ಬೀಸ್ಟ್ ಹಿಂಡು ಮಾರಾ ನದಿ ದಾಟುವುದನ್ನು ನೋಡಬೇಕು ಅನ್ನೋದು ಅವರ ಆಸೆ. ನೈರೋಬಿಯಿಂದ ಐದಾರು ಗಂಟೆ ಜೀಪಿನ ಕುಲುಕಾಟ ಬೇಡ ಅಂತ ಸಣ್ಣ ವಿಮಾನ ಬುಕ್ ಮಾಡಿದ್ದೇನೆ. (ತಲೆಗೆ 15 ಕೆಜಿ, ಅದೂ ಮೆತ್ತನೆಯ ಬ್ಯಾಗ್ ಮಾತ್ರ. ಚಕ್ಕುಲಿ ಡಬ್ಬಿಗೆ ಈಗಲೇ ಕತ್ತರಿ!)

ಸಿಕ್ಕಿಹಾಕಿಕೊಂಡಿರೋದು ಹಳದಿ ಜ್ವರದ ಲಸಿಕೆಯಲ್ಲಿ. ಕೀನ್ಯಾದಿಂದ ವಾಪಸ್ ಬಂದಾಗ ಭಾರತದಲ್ಲಿ ಅದರ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ನಾನು ಹಾಕಿಸಿಕೊಂಡಿದ್ದೇನೆ. ಅಮ್ಮನಿಗೆ 67. ಅರವತ್ತು ದಾಟಿದವರಿಗೆ ಅಡ್ಡಪರಿಣಾಮದ ಅಪಾಯ ಜಾಸ್ತಿ, ಲಸಿಕೆ ಬೇಡ, ವಿನಾಯಿತಿ ಪತ್ರ ಕೊಡುತ್ತೇನೆ ಅಂದರು ಡಾಕ್ಟರ್. ಏಜೆಂಟನ್ನು ಕೇಳಿದರೆ ಒಂದು ಸಲ ನಡೆಯುತ್ತೆ ಅಂತಾನೆ, ಇನ್ನೊಂದು ಸಲ ಇಲ್ಲ ಅಂತಾನೆ.

ಇಂಥ ಪತ್ರ ಹಿಡಿದು ಬೆಂಗಳೂರಿನಲ್ಲಿ ಬಂದಿಳಿದವರು ಯಾರಾದರೂ ಇದ್ದೀರಾ? ನೇರ ಮನೆಗೆ ಬಿಟ್ಟರಾ, ಕ್ವಾರಂಟೈನ್‌ಗೆ ಕಳಿಸಿದರಾ?