ಹಳೇ ಕಟ್ಟಡಗಳ ಸಮೀಕ್ಷೆಗೆ ಇಳಿಯುವ ಮುಂಚೆ: ಅನುಭವಸ್ಥರ ಉತ್ತರಗಳು

ಪ್ರಶ್ನೆ: ಸಣ್ಣ ನಗರ, ಸುಮಾರು 300 ಹಳೇ ಕಟ್ಟಡಗಳು, 12 ಮಂದಿ ಸ್ವಯಂಸೇವಕರು. ನಮ್ಮಲ್ಲಿ ಎಂಜಿನಿಯರ್ ಯಾರೂ ಇಲ್ಲ. ಕೆಲಸ ಎಲ್ಲಿಂದ ಶುರು ಮಾಡೋದು? ಬಿರುಕು ಬಿಟ್ಟ ಗೋಡೆಗಳಿಗೆ ನಾವೇ ಸಿಮೆಂಟ್ ತುಂಬಿಬಿಡಬಹುದಾ?

ಉತ್ತರ 1
ಮೊದಲು ಸಮೀಕ್ಷೆಯ ನಮೂನೆ, ಅಂದರೆ ತುಂಬಬೇಕಾದ ಪ್ರಶ್ನೆಪಟ್ಟಿ, ಸರಿಮಾಡಿಕೊಳ್ಳಿ. 20 ಕಟ್ಟಡ ಆರಿಸಿ, ಒಂದೊಂದನ್ನೂ ಎರಡು ತಂಡ ಬೇರೆಬೇರೆಯಾಗಿ ನೋಡಿ ತುಂಬಲಿ. ಉತ್ತರಗಳು ತಾಳೆಯಾಗದಿದ್ದರೆ ತಪ್ಪು ಜನರದ್ದಲ್ಲ, ಪ್ರಶ್ನೆಯದ್ದು. ‘ಸ್ಥಿತಿ: ಚೆನ್ನಾಗಿದೆ / ಸುಮಾರು / ಹಾಳಾಗಿದೆ’ ಅಂತ ಕೇಳಿದರೆ ಒಬ್ಬರ ‘ಸುಮಾರು’ ಇನ್ನೊಬ್ಬರಿಗೆ ‘ಹಾಳು’. ಅದರ ಬದಲು ಕಣ್ಣಿಗೆ ಕಾಣುವುದನ್ನೇ ಕೇಳಿ: ಚಾವಣಿ ಸೋರಿದ ಕಲೆ ಇದೆಯೇ, ಯಾವ ಮೂಲೆಯಲ್ಲಿ? ಗೋಡೆಯ ಥಂಡಿ (ತೇವ) ನೆಲದಿಂದ ಎಷ್ಟು ಎತ್ತರಕ್ಕೆ ಏರಿದೆ? ಗೋಡೆಯಲ್ಲಿ ಗಿಡ ಬೆಳೆದಿದೆಯೇ?

ಕಟ್ಟಡದ ಕಾಲಕ್ಕೆ ಒಂದು ಕಾಲಂ ಸಾಲದು. ‘ಎಷ್ಟು ಹಳೆಯದು’, ‘ಇದು ಗೊತ್ತಾದದ್ದು ಹೇಗೆ’ ಎಂದು ಎರಡು ಇರಲಿ. ಕಲ್ಲಿನ ಮೇಲೆ ಕೆತ್ತಿದ ಇಸವಿ, ದಾಖಲೆಪತ್ರ, ಮನೆಯವರ ಮಾತು, ನೋಡಿದವರ ಅಂದಾಜು, ಇವು ನಾಲ್ಕೂ ಒಂದೇ ತೂಕದವಲ್ಲ. ಕೆತ್ತಿದ ಇಸವಿ ಕೂಡ ಕೆಲವೊಮ್ಮೆ ದುರಸ್ತಿಯದ್ದಾಗಿರುತ್ತದೆ, ಇಲ್ಲವೇ ಕಲ್ಲೇ ಬೇರೆ ಕಡೆಯಿಂದ ಬಂದಿರುತ್ತದೆ.

ಕಟ್ಟಡಕ್ಕೆ ಸಂಖ್ಯೆ ಕೊಡಿ, ಮಾಲೀಕರ ಹೆಸರಲ್ಲಿ ಗುರುತಿಸಬೇಡಿ, ಅದು ಬದಲಾಗುತ್ತದೆ. ಕಟ್ಟಡ ಬಿದ್ದುಹೋದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಕೂಡದು.

ಉತ್ತರ 2
ಅಳತೆ ಬಗ್ಗೆ ಹೇಳ್ತೀನಿ. ಮೂವರ ತಂಡ ಸಾಕು: ಒಬ್ಬರು ಟೇಪಿನ ಸೊನ್ನೆ ಹಿಡಿಯಲು, ಒಬ್ಬರು ಓದಿ ಹೇಳಲು, ಒಬ್ಬರು ಬರೆದುಕೊಳ್ಳಲು. ಬರೆಯುವವರು ಅಂಕಿಯನ್ನು ತಿರುಗಿ ಕೂಗಿ ಹೇಳಬೇಕು. ಇಲ್ಲದಿದ್ದರೆ 3.15 ಹೋಗಿ 3.50 ಆಗುತ್ತದೆ.

ಉದ್ದ ಗೋಡೆಯಲ್ಲಿ ಬಾಗಿಲು, ಕಿಟಕಿ, ಕಂಬಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸಬೇಡಿ. ಟೇಪನ್ನು ಒಂದು ತುದಿಗೆ ಕಟ್ಟಿ, ಎಲ್ಲವನ್ನೂ ಅದೇ ಸೊನ್ನೆಯಿಂದ ಓದುತ್ತ ಹೋಗಿ. ಬಿಡಿಯಾಗಿ ಅಳೆದರೆ ಪ್ರತಿ ಸಲದ ಅರ್ಧ ಸೆಂಟಿಮೀಟರ್ ತಪ್ಪೂ ಕೊನೆಗೆ ಒಟ್ಟುಗೂಡುತ್ತದೆ.

ಹಳೇ ಕೋಣೆಯ ಮೂಲೆ ಲಂಬಕೋನ (90 ಡಿಗ್ರಿ) ಅಂತ ನಂಬಲೇಬೇಡಿ, ಕರ್ಣವನ್ನೂ ಅಳೆಯಿರಿ. 3 ಮೀಟರ್, 4 ಮೀಟರ್ ಗೋಡೆಗಳಿದ್ದರೆ ಕರ್ಣ ಸರಿಯಾಗಿ 5 ಬರಬೇಕು. 5.08 ಬಂತು ಅನ್ನಿ, ಆ ಮೂಲೆ 92 ಡಿಗ್ರಿ ಹತ್ತಿರ ಇದೆ. ಇದನ್ನು ಬಿಟ್ಟು ನಕ್ಷೆ ಎಳೆದರೆ ಪಕ್ಕದ ಕೋಣೆ ಕೂಡಿಕೊಳ್ಳುವುದೇ ಇಲ್ಲ, ಗೋಡೆ ದಪ್ಪ ಒಂದು ಕಡೆ 40, ಇನ್ನೊಂದು ಕಡೆ 55 ಸೆಂಟಿಮೀಟರ್ ಅಂತ ತೋರಿಸುತ್ತದೆ. ಎರಡೂ ಕರ್ಣ ಅಳೆದರೆ ಒಂದು ಇನ್ನೊಂದಕ್ಕೆ ಸಾಕ್ಷಿ.

ಫೋಟೊ: ಮುಂಭಾಗ ನೇರವಾಗಿ, ನಾಲ್ಕೂ ಕಡೆ (ಸಿಕ್ಕಷ್ಟು), ಆಮೇಲೆ ವಿವರಗಳು. ಚೌಕಟ್ಟಿನಲ್ಲಿ ಒಂದು ಮೀಟರ್ ಪಟ್ಟಿ ಇರಲಿ. ಮೂರು ಆಯಾಮದ ಮಾದರಿ ಮಾಡುವುದಿದ್ದರೆ ಒಂದೊಂದು ಚಿತ್ರವೂ ಹಿಂದಿನದ್ದರ ಮೇಲೆ 60ರಿಂದ 80 ಶೇಕಡಾ ಬರಬೇಕು, ಝೂಮ್ ಮಧ್ಯದಲ್ಲಿ ಬದಲಿಸಬಾರದು. ಬಿಸಿಲು ನೆರಳಿನ ಪಟ್ಟೆ ಬೀಳುವ ಹೊತ್ತಿಗಿಂತ ಮೋಡದ ದಿನ ವಾಸಿ.

ಉತ್ತರ 3
ಮೇಲಿನ ಎರಡೂ ಸರಿ. ಒಂದು ಮಾತು ಸೇರಿಸ್ತೀನಿ: ಓಣಿಯಲ್ಲೇ ನಿಂತು ‘ಎ ದರ್ಜೆ, ಬಿ ದರ್ಜೆ’ ಅಂತ ಹಾಕಬೇಡಿ. ಮಹತ್ವ ಬೇರೆ, ಸ್ಥಿತಿ ಬೇರೆ. ಬಣ್ಣ ಬಳಿದು ಚಂದ ಮಾಡಿದ್ದಕ್ಕೆ ‘ಎ’, ಪಾಚಿ ಹಿಡಿದ ಅಪರೂಪದ ಕಮಾನಿಗೆ ‘ಸಿ’ ಬಿದ್ದುಬಿಡುತ್ತದೆ. ದರ್ಜೆಯನ್ನು ಎಲ್ಲ ಹಾಳೆಗಳೂ ಕೈಗೆ ಬಂದ ಮೇಲೆ, ನಾಲ್ಕು ಜನ ಕೂತು, ಪಕ್ಕಪಕ್ಕ ಇಟ್ಟು ಹಾಕಿ.

ಫೋನಿನ ಜಿಪಿಎಸ್ ಬಯಲಲ್ಲೇ ನಾಲ್ಕೈದು ಮೀಟರ್ ತಪ್ಪುತ್ತದೆ, ಇಕ್ಕಟ್ಟಿನ ಓಣಿಯಲ್ಲಿ ಪಕ್ಕದ ಮನೆಗೆ ಹಾರುತ್ತದೆ. ನಕ್ಷೆಯ ಮೇಲೆ ಕೈಯಿಂದಲೇ ಗುರುತು ಹಾಕಿ. ಫೋನಿನಲ್ಲೇ ಮಾಹಿತಿ ತುಂಬಿಸುವ ಕೋಬೋಟೂಲ್‌ಬಾಕ್ಸ್‌ನಲ್ಲಿ ನಮೂನೆ, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನಕ್ಷೆ: 300 ಕಟ್ಟಡಕ್ಕೆ ಇಷ್ಟು ಸಾಕು. ಗೆಟ್ಟಿ ಸಂರಕ್ಷಣಾ ಸಂಸ್ಥೆ ಮತ್ತು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸೇರಿ ಮಾಡಿದ ‘ಆರ್ಚಸ್’ ಇಂಥ ಪಾರಂಪರಿಕ ತಾಣಗಳ ದಾಖಲೆ ಇಡುವ ಮುಕ್ತ ತಂತ್ರಾಂಶ, ಆದರೆ ಅದಕ್ಕೆ ಸರ್ವರ್ ನೋಡಿಕೊಳ್ಳುವವರು ಬೇಕು. ಒಳಕೋಣೆಗಳ ನಕ್ಷೆ, ಬೆಲೆಬಾಳುವ ಕೆತ್ತನೆ ಇರುವ ಜಾಗ, ಇವನ್ನು ಸಾರ್ವಜನಿಕ ಪ್ರತಿಯಿಂದ ತೆಗೆದುಬಿಡಿ. ಕಳ್ಳರೂ ಓದುತ್ತಾರೆ.

ಉತ್ತರ 4
ಸಿಮೆಂಟ್ ಪ್ರಶ್ನೆಗೆ ಉತ್ತರ: ಬೇಡ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೀರು ಹೀರುತ್ತದೆ, ಇಟ್ಟಿಗೆಗಳ ನಡುವಿನ ಸಂದುಗಳ ಮೂಲಕ ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿ, ನೀರು ಇಟ್ಟಿಗೆಯ ಮೈಯಿಂದಲೇ ಹೊರಬರಬೇಕಾಗುತ್ತದೆ. ಜೊತೆಗೆ ಬಂದ ಉಪ್ಪು ಅಲ್ಲಿ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಕೊನೆಗೆ ನಿಲ್ಲುವುದು ಸಿಮೆಂಟಿನ ಜಾಲರಿ, ನಡುವೆ ಗುಳಿಬಿದ್ದ ಇಟ್ಟಿಗೆ.

ಸುಣ್ಣದಲ್ಲಿ ಸಂದು ತುಂಬುವುದಾದರೆ: ಹಳೇ ಪುಡಿಯನ್ನು ಉಳಿಯಿಂದ ಸಂದಿನ ಅಗಲದ ಎರಡರಷ್ಟು ಆಳಕ್ಕೆ ತೆಗೆಯಿರಿ. ಕಲ್ಲು ಕೊರೆಯುವ ಗ್ರೈಂಡರ್ ಹಚ್ಚಬೇಡಿ, ಇಟ್ಟಿಗೆಯ ಅಂಚು ಕೊರೆದುಹೋಗುತ್ತದೆ. ಹಿಂದಿನ ದಿನವೇ ಗೋಡೆ ತೋಯಿಸಿ. ಅರಳಿಸಿ ಮಾಗಿಸಿದ ಸುಣ್ಣ 1 ಪಾಲು, ಒರಟು ಮರಳು 3 ಪಾಲು, ಅಳತೆ ಬುಟ್ಟಿಯಲ್ಲಿ. ಮರಳಿನ ಕಾಳುಗಳ ನಡುವಿನ ಖಾಲಿ ಜಾಗ ಸುಮಾರು ಮೂರನೇ ಒಂದು ಪಾಲು, ಸುಣ್ಣ ಅದನ್ನು ತುಂಬಬೇಕು. ನೀರು ಸುರಿಯುವ ಆಸೆಯಾಗುತ್ತದೆ. ಸುರಿಯಬೇಡಿ, ಇನ್ನಷ್ಟು ಕುಟ್ಟಿ, ಮೆತ್ತಗಾಗುತ್ತದೆ. ತುಂಬಿದ ಗಾರೆ ಉಗುರು ಒತ್ತಿದರೆ ಮಾತ್ರ ಗುರುತು ಬೀಳುವಷ್ಟು ಗಟ್ಟಿಯಾದಾಗ ಒರಟು ಬ್ರಷ್ಷಿನ ತುದಿಯಿಂದ ಬಡಿಯಿರಿ. ಆಮೇಲೆ ಒಂದು ವಾರ ಒದ್ದೆ ಗೋಣಿ ಕಟ್ಟಿ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದಕ್ಕೆ ತೇವವೂ ಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ಉದುರುತ್ತದೆ. ಕನ್ನಡಕ, ಕೈಗವಸು ಕಡ್ಡಾಯ, ಸುಣ್ಣ ಕಣ್ಣು ಸುಡುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ದೊಡ್ಡ ಬಿರುಕನ್ನು ಸುಣ್ಣದಲ್ಲೇ ತುಂಬಿಬಿಡೋಣವೇ?

ಉತ್ತರ 4
ಅದು ಇನ್ನೂ ಬೆಳೆಯುತ್ತಿದೆಯೇ ಅಂತ ಮೊದಲು ನೋಡಿ. ಒಳಗೆ ಧೂಳು, ಜೇಡರ ಬಲೆ, ಹಳೇ ಬಣ್ಣ ಇದ್ದರೆ ಹಳೇ ಬಿರುಕು. ಅಂಚು ಚೂಪಾಗಿ, ಒಳಮೈ ಶುಭ್ರವಾಗಿದ್ದರೆ ಹೊಸದು. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಸಣ್ಣ ತಿರುಪು ಕೂರಿಸಿ, ತ್ರಿಕೋನವಾಗಲಿ. ಕ್ಯಾಲಿಪರ್‌ನಿಂದ (ಸಣ್ಣ ಅಂತರ ನಿಖರವಾಗಿ ಅಳೆಯುವ ಉಪಕರಣ) ಬಿರುಕು ದಾಟುವ ಎರಡು ಅಂತರಗಳನ್ನು ತಿಂಗಳಿಗೊಮ್ಮೆ, ಒಂದು ವರ್ಷ ಬರೆದಿಡಿ. ಎರಡೇ ತಿರುಪಾದರೆ ಅಗಲವಾಗುವುದು ಮಾತ್ರ ಗೊತ್ತಾಗುತ್ತದೆ, ಜಾರುವುದು ತಪ್ಪಿಹೋಗುತ್ತದೆ. ಋತುವಿಗೆ ತಕ್ಕಂತೆ ತೆರೆದು ಮುಚ್ಚುವುದು ಬೇರೆ, ಒಂದೇ ದಿಕ್ಕಿಗೆ ಬೆಳೆಯುವುದು ಬೇರೆ, ಚಿಂತೆ ಮಾಡಬೇಕಾದ್ದು ಎರಡನೆಯದಕ್ಕೆ. ಬಿರುಕಿನ ಅಗಲ 15 ಮಿಲಿಮೀಟರ್ ದಾಟಿದ್ದು, ಗೋಡೆ ಉಬ್ಬಿದ್ದು ಕಂಡರೆ ಒಂದು ವರ್ಷ ಕಾಯಬೇಡಿ, ಒಳಗೆ ಹೋಗಬೇಡಿ, ಎಂಜಿನಿಯರ್ ಕರೆಸಿ.

ಉತ್ತರ 5
ಸ್ವಯಂಸೇವಕರಿಗೆ ಕೈಗೆಲಸವೇ ಬೇಕು ಅಂದರೆ ಚಾವಣಿಯ ನೀರಿನ ದೋಣಿಯಲ್ಲಿ ಕಟ್ಟಿಕೊಂಡ ಕಸ ತೆಗೆಯಲಿ, ಗೋಡೆಬುಡದಲ್ಲಿ ಏರಿಸಿದ ಮಣ್ಣು ಇಳಿಸಲಿ. ಅರ್ಧ ಥಂಡಿ ಅಲ್ಲಿಂದಲೇ ಬರೋದು. ಆಲ, ಅರಳಿಯಂಥ ಗಿಡ ಸಂದಿನಲ್ಲಿ ಬೇರು ಬಿಟ್ಟಿದ್ದರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೇ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಚಿಗುರಿದಾಗೆಲ್ಲ ತೆಗೆದು ಸಾಯಲು ಬಿಡಿ. ತೊಲೆಗಳನ್ನು ನಡುವೆ ತಟ್ಟಿ ನೋಡಿ ‘ಗಟ್ಟಿ’ ಅಂತ ಬರೆಯುವವರೇ ಜಾಸ್ತಿ. ಗೋಡೆಯೊಳಗೆ ಕೂತ ತುದಿಯನ್ನು ದಬ್ಬಳದಿಂದ ಚುಚ್ಚಿ, ಕೊಳೆ ಶುರುವಾಗುವುದು ಅಲ್ಲಿ. ದಬ್ಬಳ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ನಮೂನೆಯಲ್ಲಿ ಬರೆಯಿರಿ, ‘ಮೆತ್ತಗಿದೆ’ ಅಂತಲ್ಲ.